ಒಂದೇ ಕಿಸೆಯ ಎರಡು ಪೊಟ್ಟಣ

ನಮ್ಮ ಕಾಕಾನ ಅಂಗಿಗೆ ಎಡಕ್ಕೊಂದೇ ಕಿಸೆ. ಅದರೊಳಗೆ ಯಾವಾಗಲೂ ಎರಡು ಪೊಟ್ಟಣ. ಒಂದು ಬೀಡಿ ಕಟ್ಟು, ಅದಕ್ಕೆ ಆತುಕೊಂಡ ಕಡ್ಡಿಪೆಟ್ಟಿಗೆ. ಇನ್ನೊಂದು ಹಳೆ ಪೇಪರಿನ ಚೂರಿನಲ್ಲಿ ಸುತ್ತಿದ ಗುಳಿಗೆ. ಒಂದೇ ಕಿಸೆಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ್ದಕ್ಕೋ ಏನೋ, ಗುಳಿಗೆ ಪೇಪರಿಗೂ ಬೀಡಿಯ ವಾಸನೆಯೇ ಬಂದುಬಿಟ್ಟಿದೆ. ಅಂಬಿಕಾನಗರದ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಬೆಳಗಿನ ಬಸ್ಸಿಗೆ ಕಾಯುವಾಗ ಕಾಕಾನ ಕೈ ಕಿಸೆಗೆ ಹೋದರೆ, ಹೊರಗೆ ಯಾವುದು ಬರುತ್ತದೆಂದು ನಾನು ಓರೆಗಣ್ಣಿನಲ್ಲಿ ನೋಡುತ್ತಿರುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಬೀಡಿ.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ಪ್ರಾಜೆಕ್ಟ್ ಕಾಲೊನಿಯಲ್ಲಿ ಬೆಳೆದವರಿಗೆ ಅಪ್ಪನ ಜೊತೆ ಶಿಫ್ಟ್ ಮಾಡಿದವರೆಲ್ಲ ಕಾಕಾಗಳೇ. ಕಾಳಿ ನದಿಗೆ ಕಟ್ಟೆ ಕಟ್ಟಿ ಕರೆಂಟು ತೆಗೆಯುವ ಕೆಲಸಕ್ಕೆಂದು ಮಲಯಾಳಿ, ತಮಿಳು, ಮರಾಠಿ, ಕೊಂಕಣಿ ಜನವೆಲ್ಲ ಬಂದು ಕಾಡಿನ ನಡುವೆ ಒಂದೂರಾಗಿ ಕೂತ ಜಾಗ ಇದು. ಕೆಳಗೆ ನಾಗಝರಿ ಕಣಿವೆಯಲ್ಲಿ ಪವರ್‌ಹೌಸು, ಮೇಲೆ ನಾವು. ಕಾಕಾ ಆ ಪವರ್‌ಹೌಸಿನಲ್ಲಿ ಹೆಲ್ಪರ್. ಮೂವತ್ತು ದಾಟಿದ ಮೇಲೆ ಒಂದು ರಾತ್ರಿ ಪಾಳಿಯಲ್ಲಿ ಮೂರನೇ ಮಶೀನು ತನ್ನ ಹೆಸರು ಹಿಡಿದು ಕರೆಯಿತು ಅಂದ. ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ. ಆರು ಮಶೀನುಗಳ ಗುಂಯ್‌ಗುಡುವಿಕೆಯ ನಡುವೆ ನಿಂತವನಿಗೆ ಏನು ಬೇಕಾದರೂ ಕೇಳಿಸೀತು. ಆದರೆ ರಜೆಯ ದಿನ ಮನೆಯಲ್ಲಿ ಕೂತಾಗಲೂ ಕರೆ ಬರತೊಡಗಿತು. ಆಮೇಲೆ ದಾಂಡೇಲಿ, ಹಳಿಯಾಳ ದಾಟಿ ಧಾರವಾಡ.

ನಮ್ಮ ಸೀಮೆಗೆ ತಲೆಯ ಕಾಯಿಲೆ ಎಂದರೆ ಧಾರವಾಡವೇ. 1845ರಲ್ಲಿ ಬ್ರಿಟಿಷರು ಅಲ್ಲಿ ಹುಚ್ಚಾಸ್ಪತ್ರೆ ತೆರೆದಾಗಿನಿಂದ ಹೀಗೆ. ಈಗ ಅದು ಡಿಮ್ಹಾನ್ಸ್, ಬೋರ್ಡು ಬದಲಾಗಿ ಎಷ್ಟೋ ಕಾಲವಾಯಿತು. ಆದರೂ ಹಳಿಯಾಳ ಕಡೆ ಯಾರಾದರೂ ತಿಕ್ಕಲಾಗಿ ಮಾತಾಡಿದರೆ “ಇಂವನ್ನ ಧಾರವಾಡಕ್ಕ ಒಯ್ರಿ” ಅನ್ನುತ್ತಾರೆ. ಅಲ್ಲೇ ಇರುವ ವಿಶ್ವವಿದ್ಯಾಲಯಕ್ಕೆ ಸೇರಿಸಿ ಎಂದು ಈವರೆಗೂ ಯಾರೂ ಅರ್ಥ ಮಾಡಿಕೊಂಡಿಲ್ಲ.

ಕಾಕಾನ ಜೊತೆ ನಾನು ಮೊದಲ ಸಲ ಹೋದಾಗಿನ ಮಾತು. ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು, “ಏನಾರ ಚಟ ಅದಾವೇನ್ರಿ?”

ಕಾಕಾನ ಹೆಂಡತಿ ಕಾಕು ಸೆರಗು ಸರಿಮಾಡಿಕೊಂಡು ಹೇಳಿದಳು, “ಏನಿಲ್ರಿ ಸಾಹೇಬ್ರ. ಭಾಳ ಚಲೋ ಮನಶಾ.”

ಬೀಡಿ ಕಟ್ಟು ಕಿಸೆಯಿಂದ ಇಣುಕಿ ಡಾಕ್ಟರನ್ನೇ ನೋಡುತ್ತಿತ್ತು. ಕಾಕು ಸುಳ್ಳು ಹೇಳಿದಳೆಂದು ನಾನು ಅನ್ನಲಾರೆ. ನಮ್ಮ ಕಡೆ ಚಟ ಎಂದರೆ ಶೆರೆ ಮತ್ತು ಇಸ್ಪೀಟು. ಬೀಡಿ ಚಟವಲ್ಲ, ರೂಢಿ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ರೂಢಿಯೂ ಅಲ್ಲ, ಅದು ಹಲ್ಲುನೋವಿನ ಔಷಧ. ಎಲೆ ಅಡಿಕೆಯಂತೂ ಮರ್ಯಾದೆ. ಕುಡಿತದಲ್ಲೂ ಒಳಜಾತಿಗಳುಂಟು. ಬಾರಿನಲ್ಲಿ ಕೂತು ಕುಡಿದರೆ ಚಟ, ಮೈಕೈ ನೋವಿಗೆ ಕುಡಿದರೆ ಅಲ್ಲ. ಹಬ್ಬಕ್ಕೆ, ಸಾವಿಗೆ, ಪಗಾರದ ದಿನಕ್ಕೆ ಕುಡಿದರೂ ಅಲ್ಲ. ಇವನ್ನೆಲ್ಲ ಕಳೆದು ಉಳಿದದ್ದನ್ನು ಡಾಕ್ಟರಿಗೆ ಹೇಳಬೇಕು. ಉಳಿಯುವುದೇನು? ಏನಿಲ್ರಿ.

ಮಾತು ಬಂತೆಂದು ಹೇಳುತ್ತೇನೆ, ನಶೆಯ ಶಬ್ದಗಳೇ ಒಂದು ತಮಾಷೆ. ಅಮಲು ಅಂದರೆ ನಶೆ. ಅಮಲ್ದಾರ ಅಂದರೆ ನಶೆಯವನಲ್ಲ, ಕಂದಾಯದ ಸಾಹೇಬ. ಎರಡಕ್ಕೂ ಮೂಲ ಅರಬ್ಬಿಯ ಒಂದೇ ಶಬ್ದ, ಕೆಲಸ ಅಥವಾ ಪರಿಣಾಮ ಎಂಬರ್ಥದ್ದು. ಹಾಗೇ ಅಬಕಾರಿ. ಪಾರಸಿಯಲ್ಲಿ ಆಬ್ ಎಂದರೆ ನೀರು, ಕಾರ್ ಎಂದರೆ ಕೆಲಸ. ನೀರಿನ ಕೆಲಸವೇ ಅಬಕಾರಿ. ಹಾಗೆ ನೋಡಿದರೆ ಸೂಪಾ ಅಣೆಕಟ್ಟಿನಿಂದ ನಾಗಝರಿಯ ತನಕ ನೀರು ಹಿಡಿದು, ಬಿಟ್ಟು, ತಿರುಗಿಸಿ ದುಡಿಸಿಕೊಳ್ಳುವ ನಾವೇ ನಿಜವಾದ ಅಬಕಾರಿ ಜನ! ಆದರೆ ಆ ಹೆಸರು ಬಾಟಲಿ ಮೇಲಿನ ಚೀಟಿ ಎಣಿಸುವ ಇಲಾಖೆಗೆ ಹೋಯಿತು. ಒಂದೇ ಸರ್ಕಾರದ ಒಂದು ನಿಗಮ ಮದ್ಯವನ್ನು ಸಗಟಾಗಿ ಮಾರುತ್ತದೆ, ಇನ್ನೊಂದು ಮಂಡಳಿ ‘ಮದ್ಯಪಾನ ಸಂಯಮ’ದ ಬೋಧನೆ ಮಾಡುತ್ತದೆ. ನಮ್ಮ ಕಾಕಾನ ಕಿಸೆಯನ್ನು ಮಾತ್ರ ಯಾಕೆ ಬೈಯಬೇಕು?

ಮನೋರೋಗಿಗಳ ಕೈಗೆ ಶೆರೆ, ಹೊಗೆಸೊಪ್ಪು ಕೊಟ್ಟವರಲ್ಲಿ ಆಸ್ಪತ್ರೆಗಳೂ ಇವೆ ಎಂಬುದು ಅಷ್ಟಾಗಿ ಯಾರೂ ಹೇಳದ ಕಥೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಹುಚ್ಚಾಸ್ಪತ್ರೆಗಳಲ್ಲಿ ಊಟದ ಜೊತೆ ಬಿಯರ್ ಕೊಡುತ್ತಿದ್ದರು. ಹೊಲದಲ್ಲೋ ಬಟ್ಟೆ ಒಗೆಯುವಲ್ಲೋ ದುಡಿದ ರೋಗಿಗೆ ಇನ್ನೊಂದಿಷ್ಟು ಹೆಚ್ಚಿಗೆ. ಅದು ನಿಲ್ಲತೊಡಗಿದ್ದು 1880ರ ದಶಕದಲ್ಲಿ. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಐಲಾನ್ ಮತ್ತು ಆಜ್ರಿನ್ ಎಂಬಿಬ್ಬರು ಹೊಸ ಪದ್ಧತಿ ತಂದರು. ರೋಗಿ ತಾನೇ ಹಾಸಿಗೆ ಮಡಚಿದರೆ, ಪಾತ್ರೆ ತೊಳೆದರೆ ಅವನಿಗೊಂದು ಟೋಕನ್. ಟೋಕನ್ ಕೂಡಿಸಿ ಅಲ್ಲಿಯ ಅಂಗಡಿಯಲ್ಲಿ ಮಿಠಾಯಿ ಕೊಳ್ಳಬಹುದು, ಸಿಗರೇಟೂ ಕೊಳ್ಳಬಹುದು. ಸುಮ್ಮನಿದ್ದರೆ ಸಿಗರೇಟು, ಗದ್ದಲ ಮಾಡಿದರೆ ಸಿಗರೇಟು ಬಂದ್ ಎಂಬ ಲೆಕ್ಕ ಎಷ್ಟೋ ದೇಶಗಳ ವಾರ್ಡುಗಳಲ್ಲಿ ಬಹುಕಾಲ ನಡೆಯಿತು. ಸೇದದೆ ಒಳಗೆ ಹೋದವನು ಸೇದುತ್ತ ಹೊರಗೆ ಬಂದ.

ಇನ್ನೂ ಸೋಜಿಗದ್ದು ಮುಂದಿದೆ. ‘ಪಾಪ, ಅವರಿಗೆ ಅದೊಂದೇ ಸಮಾಧಾನ, ಸೇದಲಿ ಬಿಡಿ’ ಎಂಬ ಮಾತನ್ನು ನಾನು ನಮ್ಮೂರಿನ ಕರುಣಾಳುಗಳ ಸ್ವಂತ ಆಸ್ತಿ ಅಂದುಕೊಂಡಿದ್ದೆ. ಸಿಗರೇಟು ಕಂಪನಿಗಳ ಒಳಗಿನ ಕಾಗದಪತ್ರಗಳನ್ನು ಹುಡುಕಿ ತೆಗೆದ ಅಮೆರಿಕದ ಸಂಶೋಧಕರು 2008ರಲ್ಲಿ ಬರೆದದ್ದನ್ನು ಓದಿದ ಮೇಲೆ ಗೊತ್ತಾಯಿತು, ಆ ಮಾತಿಗೆ ನೀರೆರೆದವರಲ್ಲಿ ಕಂಪನಿಗಳೂ ಇದ್ದವು. ಸ್ಕಿಜೋಫ್ರೇನಿಯಾ ಇದ್ದವರಿಗೆ ಹೊಗೆ ಒಂದು ತರಹದ ಔಷಧವೇ ಎಂದು ತೋರಿಸುವ ಸಂಶೋಧನೆಗೆ ಅವು ದುಡ್ಡು ಕೊಟ್ಟಿದ್ದವು. ಗಿರಾಕಿಯ ದುಃಖವೂ ವ್ಯಾಪಾರಕ್ಕೆ ಬರುತ್ತದೆ ನೋಡಿ. ಹಾಗಂತ ನಿಕೋಟಿನ್‌ನಿಂದ ಒಂದರೆಗಳಿಗೆ ಮನಸ್ಸು ಚುರುಕಾಗುವುದು ಸುಳ್ಳಲ್ಲ. ಕಾಕಾನೇ ಹೇಳುತ್ತಾನೆ, “ಗುಳಿಗಿ ತೊಗೊಂಡ್ರ ತಲಿ ಒಳಗ ಮಂಜು ಬಿದ್ಹಂಗ ಆಕ್ಕೈತಿ ತಮ್ಮಾ. ಬೀಡಿ ಹಚ್ಚಿದ್ರ ಸ್ವಲ್ಪ ದಾರಿ ಕಾಣತೈತಿ.” ನಮ್ಮೂರ ದಾರಿಯಲ್ಲಿ ಕುಳಗಿ ದಾಟಿ ಮಳೆಗಾಲದಲ್ಲಿ ಬಸ್ಸು ಓಡಿಸಿದವರಿಗೆ ಈ ಮಂಜಿನ ಉಪಮೆ ಅರ್ಥವಾಗುತ್ತದೆ.

ಈಗ ಕಾಕಾ ಅಯ್ಯಪ್ಪನ ಮಾಲೆ ಹಾಕಿದ ವರ್ಷದ ಕಥೆ.

ಕಾಕಾನಿಗೆ ಕೊಟ್ಟಿದ್ದು ಕ್ಲೋಜಪಿನ್ ಎಂಬ ಗುಳಿಗೆ. ಬೇರೆ ಔಷಧಗಳಿಗೆ ಜಗ್ಗದ ರೋಗಕ್ಕೆ ಕೊಡುವಂಥದ್ದು, ಹುಷಾರಾಗಿ ಕೊಡುವಂಥದ್ದು. ಬಿಳಿ ರಕ್ತಕಣ ಇಳಿಯಬಹುದೆಂದು ಮೊದಲ 18 ವಾರ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಅದೆಲ್ಲ ದಾಟಿ, ಮಶೀನು ಹೆಸರು ಕರೆಯುವುದು ನಿಂತು, ಕಾಕಾ ಒಂದು ಹದಕ್ಕೆ ಬಂದಿದ್ದ. ನಮ್ಮ ಕಾಲೊನಿಗೆ ಮಲಯಾಳಿಗಳ ಜೊತೆ ಅಯ್ಯಪ್ಪನೂ ಬಂದವನು. ಆ ವರ್ಷ ಕಾರ್ತಿಕದಲ್ಲಿ ಕಾಕಾನೂ ಮಾಲೆ ಹಾಕಿದ. ಕಪ್ಪು ಬಟ್ಟೆ, ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ಬೀಡಿ ಬಂದ್! ದಿನಕ್ಕೆ ಎರಡು ಕಟ್ಟು ಸುಡುತ್ತಿದ್ದವನು ಒಂದೇ ಏಟಿಗೆ ಬಿಟ್ಟ. ಊರಿಗೆ ಊರೇ ಹೊಗಳಿತು.

ವಾರ ಕಳೆಯುವುದರೊಳಗೆ ಕಾಕಾ ಭಜನೆಯಲ್ಲಿ ಕೂತಲ್ಲೇ ತೂಗಲು ಹತ್ತಿದ. ಕಣ್ಣು ಅರೆಮುಚ್ಚಿ, ಬಾಯಂಚಿನಿಂದ ಜೊಲ್ಲು. ಶರಣು ಹೇಳುವಾಗ ನಾಲಗೆ ತೊದಲು. ಗುರುಸ್ವಾಮಿಗೆ ಕಣ್ಣಲ್ಲಿ ನೀರು: “ನಲವತ್ತ ವರ್ಷದಾಗ ಇಂಥಾ ಭಕ್ತಿ ನೋಡಿಲ್ಲ. ಸ್ವಾಮಿ ಒಲದಾನ.” ಹೆಂಗಸರು ಕಾಕಾನ ಕಾಲು ಮುಟ್ಟತೊಡಗಿದರು. ಕಾಕು ಒಬ್ಬಳಿಗೇ ಅನುಮಾನ. ಬೆಳಿಗ್ಗೆ ತಲೆದಿಂಬು ತೋಯ್ದು ತೊಪ್ಪೆಯಾಗಿರುವುದನ್ನು ನೋಡುತ್ತಿದ್ದವಳು ಅವಳು. ಮೂರನೇ ವಾರ ಸ್ನಾನದ ಮನೆಯಲ್ಲಿ ಕಾಲು ಜಗ್ಗಿದಂತಾಗಿ ಬಿದ್ದ. ಕಪ್ಪು ಪಂಚೆಯಲ್ಲೇ ಧಾರವಾಡಕ್ಕೆ ಕರೆದುಕೊಂಡು ಹೋದೆವು.

ಡಾಕ್ಟರು ನೋಡಿದರು. ಮಾಲೆ ನೋಡಿದರು. “ಬೀಡಿ ಬಿಟ್ಟು ಎಷ್ಟ ದಿನ ಆತ್ರಿ?” ಅಂದರು.

ನಾವು ಮುಖ ಮುಖ ನೋಡಿಕೊಂಡೆವು. ಇವರಿಗೆ ಬೀಡಿಯ ಮಾತು ಹೇಳಿದವರ್ಯಾರು?

ಆಮೇಲೆ ಅವರು ತಿಳಿಸಿ ಹೇಳಿದರು. ಲಿವರಿನಲ್ಲಿ ಸಿ.ವೈ.ಪಿ. 1ಎ2 ಅನ್ನುವ ಒಂದು ಕಿಣ್ವ ಇದೆ, ಕ್ಲೋಜಪಿನ್ನನ್ನು ಒಡೆದು ಹೊರಗೆ ಹಾಕುವುದು ಅದರ ಕೆಲಸ. ಬೀಡಿ ಸಿಗರೇಟಿನ ಹೊಗೆಯ ಮಸಿ ಒಳಗೆ ಹೋದಷ್ಟೂ ಲಿವರು ಆ ಕೆಲಸಕ್ಕೆ ಹೆಚ್ಚು ಮಜೂರರನ್ನು ಹಚ್ಚುತ್ತದೆ, ಓವರ್‌ಟೈಮ್ ಮಾಡಿಸುತ್ತದೆ. ಹಾಗಾಗಿ ಸೇದುವವನಿಗೆ ಗುಳಿಗೆ ಜಾಸ್ತಿ ಬೇಕು. ಸೇದುವುದು ನಿಂತಿತೆಂದರೆ ಕೆಲವೇ ದಿನಗಳಲ್ಲಿ ಮಜೂರರು ಮನೆಗೆ, ಗುಳಿಗೆ ಮಾತ್ರ ಮೊದಲಿನಷ್ಟೇ. ರಕ್ತದಲ್ಲಿ ಔಷಧ ಒಂದೂವರೆ ಪಟ್ಟು, ಕೆಲವರಲ್ಲಿ ಅದಕ್ಕೂ ಮೇಲೆ ಏರಿಬಿಡುತ್ತದೆ. ನಿದ್ದೆ, ಜೊಲ್ಲು, ತೊದಲು. ಹೆಚ್ಚಾದರೆ ಫಿಟ್ಸೂ ಬಂದೀತು. ಒಲಾಂಜಪಿನ್ ಗುಳಿಗೆಗೂ ಇದೇ ಕಥೆ, ಅಷ್ಟು ಜೋರಾಗಿ ಅಲ್ಲ. ಆಟ ಎಲ್ಲ ಹೊಗೆಯದು, ನಿಕೋಟಿನ್‌ದಲ್ಲ. ತಂಬಾಕು ಜಗಿಯುವವನ ಲಿವರಿನಲ್ಲಿ ಈ ಓವರ್‌ಟೈಮ್ ಇಲ್ಲ. ಬೀಡಿ ಬಿಟ್ಟು ತಂಬಾಕಿಗೆ ಇಳಿದರೂ ಗುಳಿಗೆಯ ಲೆಕ್ಕ ಬದಲಾಗುತ್ತದೆ ಎಂದಾಯಿತು.

“ಬಿಟ್ಟಿದ್ದು ಭಾಳ ಚಲೋ ಆತ್ರಿ ಯಜಮಾನ್ರ. ಖರೇ ಮುಂದ ಬಿಡೂ ಮುಂಚೆ, ಹಚ್ಚೂ ಮುಂಚೆ, ನಮಗೊಂದ ಮಾತ ಹೇಳ್ರಿ,” ಎಂದು ಗುಳಿಗೆ ಇಳಿಸಿದರು. ಗುರುಸ್ವಾಮಿಗೆ ಈ ಸುದ್ದಿ ನಾನು ಇನ್ನೂ ಹೇಳಿಲ್ಲ. ಅವರು ಕಂಡದ್ದು ಭಕ್ತಿಯಲ್ಲ ಎನ್ನುವುದಕ್ಕೆ ನಾನು ಯಾರು?

ಮಕರಜ್ಯೋತಿ ಮುಗಿದು ಮಾಲೆ ತೆಗೆದ ಮೂರನೇ ದಿನಕ್ಕೆ ಬೀಡಿ ಮತ್ತೆ ಕಿಸೆಗೆ ಬಂತು. ಈ ಸಲ ಯಾರೂ ಡಾಕ್ಟರಿಗೆ ಹೇಳಲಿಲ್ಲ. ಗುಳಿಗೆ ಇಳಿಸಿದಲ್ಲೇ ಇತ್ತು, ಹೊಗೆ ಏರಿತು. ಶಿವರಾತ್ರಿಯ ಹೊತ್ತಿಗೆ ಮೂರನೇ ಮಶೀನು ಹೆಸರು ಹಿಡಿದು ಕರೆಯಿತು. ಯಾರೋ ಮಾಟ ಅಂದರು, ವ್ರತಭಂಗ ಅಂದರು.

ಶಿವರಾತ್ರಿ ಎಂದಾಗ ಭಂಗಿ, ಅಂದರೆ ಗಾಂಜಾ, ನೆನಪಾಗುತ್ತದೆ. ಅದರ ಬಗ್ಗೆ ನನಗೆ ಕಾಕಾನ ತಲೆಮಾರಿನದಕ್ಕಿಂತ ಹುಡುಗರ ಚಿಂತೆ ಹೆಚ್ಚು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಕಡ್ಡಾಯವಾಗಿ ಕರೆದ 45 ಸಾವಿರಕ್ಕೂ ಹೆಚ್ಚು ಹುಡುಗರ ಮುಂದಿನ 15 ವರ್ಷಗಳ ಲೆಕ್ಕ 1987ರಲ್ಲಿ ಹೊರಬಂತು. ಭರ್ತಿಗೆ ಮುಂಚೆಯೇ 50 ಸಲಕ್ಕಿಂತ ಹೆಚ್ಚು ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು. ‘ಗಿಡದ್ದು, ದೇವರದ್ದು, ಏನೂ ಆಗಲ್ಲ’ ಎನ್ನುವ ಹುಡುಗರಿಗೆ ಈ ಒಂದು ಅಂಕಿ ಸಾಕು. ಈಗಾಗಲೇ ಗುಳಿಗೆ ನುಂಗುತ್ತಿರುವವನಿಗೆ ಅಷ್ಟೂ ಬೇಡ, ಒಂದು ಸಲದ್ದೇ ಹೆಚ್ಚಾದೀತು.

ಶೆರೆಯ ಅಧ್ಯಾಯ ಬೇರೆಯೇ. ಜೋಯಿಡಾದ ಆಚೆ ಅನಮೋಡ ಘಾಟಿ ಇಳಿದರೆ ಗೋವಾ, ಅಲ್ಲಿ ಬಾಟಲಿ ಅಗ್ಗ. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಪಾಕೀಟು ಹೋಯಿತು, ಕುಡಿತ ಹೋಗಲಿಲ್ಲ, ಬಾಟಲಿಗೆ ಬಡ್ತಿ ಪಡೆಯಿತು. ಕಾಕಾ ದಿನಾ ಕುಡಿಯುವವನಲ್ಲ. ಭಾನುವಾರ ಕುಡಿಯುವವನು. ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಗುಳಿಗೆಯ ಮೇಲೆ ಕುಡಿಯಬೇಡ, ಎರಡೂ ಸೇರಿದರೆ ಉಸಿರೇ ನಿಧಾನವಾದೀತು. ಕಾಕಾ ಈ ಮಾತನ್ನು ಅಕ್ಷರಶಃ ಪಾಲಿಸಿದ. ಕುಡಿಯುವ ದಿನ ಗುಳಿಗೆ ಬಿಟ್ಟ! “ಡಾಕ್ಟ್ರೇ ಹೇಳ್ಯಾರಲ್ಲೋ ತಮ್ಮಾ, ಎರಡೂ ಕೂಡಬಾರದು ಅಂತ.” ಇದರಲ್ಲಿ ತಪ್ಪು ಹುಡುಕಲು ತರ್ಕಶಾಸ್ತ್ರ ಓದಿದವನಿಗೂ ಕಷ್ಟ. ಔಷಧ ಬಿಟ್ಟ ರೋಗಿಗಳ ಕಥೆ ಕೇಳಿದರೆ ಹೀಗೆ ಆಜ್ಞಾಪಾಲಕರಾಗಿ ಬಿಟ್ಟವರೇ ಎಷ್ಟೋ ಮಂದಿ ಸಿಗುತ್ತಾರೆ.

ಕಾಕುವಿಗೆ ಯಾರೋ ಒಂದು ಪುಡಿಯ ಸುದ್ದಿ ಹೇಳಿದ್ದರು. ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿದರೆ ಕುಡಿದವನು ವಾಂತಿ ಮಾಡಿ ಮಾಡಿ ಬಿಟ್ಟೇ ಬಿಡುತ್ತಾನಂತೆ. ಅದು ಡೈಸಲ್ಫಿರಾಮ್. ಮೂಲತಃ ರಬ್ಬರ್ ಕಾರ್ಖಾನೆಯ ರಾಸಾಯನಿಕ. ಅಲ್ಲಿಯ ಮಜೂರರಿಗೆ ಕುಡಿದರೆ ಮುಖ ಕೆಂಪಾಗಿ ಹೊಟ್ಟೆ ತೊಳಸುವುದನ್ನು 1930ರ ದಶಕದಲ್ಲಿ ಒಬ್ಬ ಡಾಕ್ಟರು ಗಮನಿಸಿದರು, ಮುಂದಿನ ದಶಕದಲ್ಲಿ ಡೆನ್ಮಾರ್ಕಿನವರು ಔಷಧ ಮಾಡಿದರು. ತಿಳಿದು, ಒಪ್ಪಿ, ಡಾಕ್ಟರ ಕಣ್ಣೆದುರು ತೆಗೆದುಕೊಳ್ಳಬೇಕಾದದ್ದು. ಕದ್ದು ಹಾಕಿದರೆ ಜೀವಕ್ಕೇ ಬಂದೀತು. ಅದೂ ಅಲ್ಲದೆ ಮತಿವಿಕಲ್ಪ ಇದ್ದವರಲ್ಲಿ ಅದನ್ನೇ ಕೆದಕಬಲ್ಲದು. ಮೊದಲೇ ‘ಅನ್ನದಾಗ ಏನೋ ಹಾಕ್ಯಾರ’ ಎಂಬ ಸಂಶಯದಲ್ಲಿರುವ ಮನುಷ್ಯನ ಅನ್ನದಲ್ಲಿ ನಿಜವಾಗಿಯೂ ಏನೋ ಹಾಕುವುದೆಂದರೆ! ಕಾಕು ಹಾಕಲಿಲ್ಲ, ಪುಣ್ಯಾತ್ಗಿತ್ತಿ.

ಒಂದೇ ಏಟಿಗೆ ಬಿಡುವುದೂ ಎಲ್ಲರಿಗೂ ಆಗುವಂಥದ್ದಲ್ಲ. ನಮ್ಮ ಊರಿನವರಿಗೆ ಇದನ್ನು ಸರ್ಜ್ ಟ್ಯಾಂಕಿನ ಮೂಲಕ ತಿಳಿಸುವುದು ಸುಲಭ. ಸುರಂಗದಲ್ಲಿ ರಭಸದಿಂದ ಬರುವ ನೀರಿಗೆ ಕೆಳಗೆ ಮಶೀನು ಫಟ್ಟನೆ ಟ್ರಿಪ್ ಆದರೆ ಎಲ್ಲಿ ಹೋಗಬೇಕು? ತಿರುಗಿ ಬಂದು ಗೋಡೆ ಒದೆಯುತ್ತದೆ. ಆ ಒದೆತ ಕುಡಿಯಲೆಂದೇ ಮೇಲೆ ದೊಡ್ಡ ಟ್ಯಾಂಕು. ವರ್ಷಗಟ್ಟಲೆ ದಿನವೂ ಕುಡಿದ ಮೆದುಳಿಗೆ ಶೆರೆ ಥಟ್ಟನೆ ನಿಂತರೆ ಅದೇ ಒದೆತ. ಮೊದಲು ಕೈನಡುಕ, ಬೆವರು, ಫಿಟ್ಸ್. ಎರಡು ಮೂರು ದಿನಕ್ಕೆ ಗೋಡೆ ಮೇಲೆ ಇರುವೆ ಹರಿದಂತೆ, ಸತ್ತವರು ಬಾಗಿಲಲ್ಲಿ ನಿಂತಂತೆ. ಪ್ರಾಣವೂ ಹೋಗಬಹುದು. ಆಸ್ಪತ್ರೆಯಲ್ಲಿ ಕೆಲವು ದಿನ ಕೊಡುವ ಗುಳಿಗೆ, ಬಿ1 ಇಂಜೆಕ್ಷನ್ನುಗಳೇ ಅಲ್ಲಿಯ ಸರ್ಜ್ ಟ್ಯಾಂಕು. ಎಷ್ಟೋ ಮನೆಗಳಲ್ಲಿ ಇದನ್ನೇ ಹುಚ್ಚು ಅಂದುಕೊಂಡು ಮಂತ್ರಿಸಿದ ದಾರ ಕಟ್ಟಿಸುತ್ತಾರೆ. ಅಲ್ಲಿಗೆ ನಮ್ಮ ಹಳೆಯ ಪ್ರಶ್ನೆ ಬಂತು: ಕುಡಿದು ಹುಚ್ಚಾಯಿತೋ, ಹುಚ್ಚಿಗೆ ಕುಡಿದನೋ? ಕಟ್ಟೆಪುರಾಣದ ಈ ಚರ್ಚೆ ಊರ ಕಟ್ಟೆಯಲ್ಲಿ ಮಾತ್ರ ನಡೆಯುತ್ತದೆಂದು ತಿಳಿದಿದ್ದೆ. ಆಸ್ಪತ್ರೆಗಳ ಬಾಗಿಲಲ್ಲೂ ನಡೆಯುತ್ತದೆಂದು ಆಮೇಲೆ ಗೊತ್ತಾಯಿತು.

ಕಾಕಾನ ಭಾನುವಾರ ಬುಧವಾರದ ತನಕ ಬೆಳೆದ ಒಂದು ಕಾಲದಲ್ಲಿ ಅವನನ್ನು ಕುಡಿತ ಬಿಡಿಸುವ ಒಂದು ಕೇಂದ್ರಕ್ಕೆ ಕರೆದೊಯ್ದೆವು. ಊರು, ಹೆಸರು ಬೇಡ. ಚೀಟಿ ನೋಡಿದವರು “ಇವ್ರು ಮಾನಸಿಕ ಪೇಶಂಟ್, ನಮ್ಮಲ್ಲಿ ಆಗೂದಿಲ್ಲ, ಮೊದ್ಲ ತಲಿ ತೋರಸ್ರಿ” ಅಂದರು. ಇನ್ನೊಂದೂರಿನ ಖಾಸಗಿ ತಲೆ ಡಾಕ್ಟರು “ಮೊದ್ಲ ಕುಡ್ಯೂದು ಬಿಡಸ್ಕೊಂಡ ಬರ್ರಿ” ಅಂದರು. ಎರಡು ಬಸ್ಸು, ಎರಡು ದಿನ, ಎರಡು ಫೀಸು. ಕಾಯಿದೆಯೇನೋ ಸರಿಯಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿಕೊಂಡ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೇ ಇಟ್ಟಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೆಂದೇ ಬೇರೆ ಘಟಕ 1991ರಿಂದ ಇದೆ, ಅದೇ ಆವರಣದಲ್ಲಿ. ಆದರೆ ಕೇಂದ್ರ ಸರ್ಕಾರದಲ್ಲಿ ಸ್ವಯಂಸೇವಾ ವ್ಯಸನಮುಕ್ತಿ ಕೇಂದ್ರಗಳ ಅನುದಾನ ಸಾಮಾಜಿಕ ನ್ಯಾಯ ಸಚಿವಾಲಯದ್ದು, ಮನೋರೋಗ ಆರೋಗ್ಯ ಸಚಿವಾಲಯದ್ದು. 2019ರಲ್ಲಿ ಏಮ್ಸ್ ದೇಶದ ಲೆಕ್ಕ ಹಾಕಿದಾಗ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ಹೀಗೆ ಎರಡು ಬಾಗಿಲ ನಡುವಿನ ಬಸ್ಸಿನಲ್ಲಿ ಇರಬೇಕು.

ಒಂದೇ ರೋಗಿಗೆ ಹೀಗೆ ಎರಡು ಬಾಗಿಲು ಎಂದಾಗ ನನಗೆ ಗುಟ್ಕಾದ ನೆನಪಾಗುತ್ತದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಮರುದಿನದಿಂದ ಪಾನ್ ಮಸಾಲೆಯದೊಂದು ಪಾಕೀಟು, ತಂಬಾಕಿನದೊಂದು ಪಾಕೀಟು, ಎರಡೂ ಒಂದೇ ಅಂಗಡಿಯಲ್ಲಿ ಒಂದೇ ದಾರಕ್ಕೆ ಜೋತುಬಿದ್ದವು. ಕಾಯಿದೆ ಬೇರೆ ಮಾಡಿದ್ದನ್ನು ಬಾಯಿ ಕೂಡಿಸಿತು.

ಈಗ ಮಂಗಳವಾರಕ್ಕೊಮ್ಮೆ ತಾಲೂಕಾ ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಎಂಬ ಯೋಜನೆ ರಾಜ್ಯದಲ್ಲಿದೆ. ರಾತ್ರಿ ಹೊತ್ತು ಮಾತು ಬೇಕಾದವರಿಗೆ 14416 ಎಂಬ ಟೆಲಿ ಮಾನಸ್ ನಂಬರು ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕಾಕಾ ಮಾತ್ರ ಧಾರವಾಡ ಬಿಡಲೊಲ್ಲ. ಬೀಡಿಯ ಮಾತನ್ನು ತಾನೇ ಹಿಡಿದ ಡಾಕ್ಟರ ಮೇಲೆ ಅವನಿಗೆ ಭರವಸೆ.

ಆ ಡಾಕ್ಟರು ಶಿವರಾತ್ರಿಯ ರಾಮಾಯಣದ ನಂತರ ಒಂದು ಕೆಲಸ ಹೇಳಿದರು. ಬೈಯಲಿಲ್ಲ, ಬಿಡು ಅನ್ನಲೂ ಇಲ್ಲ. “ದಿನಾ ಎಷ್ಟ ಬೀಡಿ, ಎಷ್ಟ ಗುಳಿಗಿ, ಎಂದ ಕುಡದ್ರಿ, ಅಷ್ಟ ಬರಕೊಂಡ ಬರ್ರಿ. ಸುಳ್ಳ ಬರೀಬ್ಯಾಡ್ರಿ.” ನಾನು ಕಾಕಾ ಬರೆಯುತ್ತಾನೆಂದು ನಂಬಿರಲಿಲ್ಲ. ಆದರೆ ನಾನು ಮರೆತದ್ದು ಅವನ ನೌಕರಿ. ಪವರ್‌ಹೌಸಿನಲ್ಲಿ ತಾಸಿಗೊಮ್ಮೆ ಲಾಗ್‌ಶೀಟ್ ತುಂಬಬೇಕು: ಎಷ್ಟು ಮೆಗಾವ್ಯಾಟ್, ಎಷ್ಟು ಉಷ್ಣತೆ, ಎಷ್ಟು ಒತ್ತಡ. ಮೂವತ್ತು ವರ್ಷ ಆ ಹಾಳೆಗಳನ್ನು ಮಡಚಿ ಇಂಜಿನಿಯರ ಮೇಜಿಗೆ ಒಯ್ದವನು ಕಾಕಾ.

ಮುಂದಿನ ತಿಂಗಳು ಡಾಕ್ಟರ ಮೇಜಿನ ಮೇಲೆ ಅವನು ಬಿಚ್ಚಿದ್ದು ನಾಲ್ಕಾಗಿ ಮಡಚಿದ ದೊಡ್ಡ ಹಾಳೆ. ಸ್ಕೇಲು ಹಿಡಿದು ಎಳೆದ ಗೆರೆ. ಎಡಕ್ಕೆ ತಾಸು, ಮೇಲೆ ತಾರೀಖು. ಬೀಡಿಗೆ ಅಡ್ಡಗೀಟು, ಗುಳಿಗೆಗೆ ಸೊನ್ನೆ. ಮೊದಲ ವಾರದಲ್ಲಿ ಗೀಟುಗಳ ಗುಂಪು, ನಾಲ್ಕನೇ ವಾರದಲ್ಲಿ ಅವು ಒಂದಿಷ್ಟು ತೆಳ್ಳಗೆ. ಡಾಕ್ಟರು ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು. ಒಂದು ಕಡೆ ಬೆರಳು ನಿಂತಿತು.

“ಇದೇನ್ರಿ, ಎರಡನೇ ಭಾನುವಾರ ರಾತ್ರಿ ಎಂಟಕ್ಕ ‘ಟ್ರಿಪ್’ ಅಂತ ಬರದೀರಿ?”

“ಅವತ್ತ ಕುಡದೆರಿ.”

“ಮತ್ತ ಚಾಲೂ ಎಷ್ಟಕ್ಕ ಆತು?”

“ಮರದಿನ ಮುಂಜಾನಿ ಆರಕ್ಕರಿ. ಸೊನ್ನಿ ನೋಡ್ರಿ ಅಲ್ಲಿ.”

ಡಾಕ್ಟರು ನಕ್ಕು ಗುಳಿಗೆಯ ಚೀಟಿ ಬರೆದುಕೊಟ್ಟರು. ಕಾಕಾ ಏಳಲಿಲ್ಲ. ಹಿಂದೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು, ನಾನು ತೋಳು ಹಿಡಿದು ಎಬ್ಬಿಸಹೋದೆ. ಅವನು ಹಾಳೆಯ ಕೆಳಮೂಲೆಯನ್ನು ಬೆರಳಿನಿಂದ ತೋರಿಸುತ್ತಿದ್ದ. ಅಲ್ಲಿ ಒಂದು ಚೌಕ ಎಳೆದು ಖಾಲಿ ಬಿಟ್ಟಿದ್ದ.

“ಸಹಿ ಮಾಡ್ರಿ ಸಾಹೇಬ್ರ. ಸಹಿ ಇಲ್ಲಂದ್ರ ಶಿಫ್ಟ್ ಮುಗಿಯೂದಿಲ್ರಿ.”